0.1ರೊಳಗಿನ 55 ಅಂಕಿಗಳು

ಮೊದಲು ಈ ಸಂಖ್ಯೆಯನ್ನು ನಿಧಾನವಾಗಿ, ಕೊನೆಯವರೆಗೂ ಓದಿ.

0.1000000000000000055511151231257827021181583404541015625

ಪ್ರೋಗ್ರಾಮ್ ಬರೆಯುವವರು 0.1 ಎಂದು ಟೈಪ್ ಮಾಡಿದಾಗ ಕಂಪ್ಯೂಟರಿನೊಳಗೆ ಹೋಗಿ ಕೂರುವ ಸಂಖ್ಯೆ ಇದು. ಇದರ ಆಸುಪಾಸಿನದ್ದಲ್ಲ, ಅಂಕಿಗೆ ಅಂಕಿ ಇದೇ! ಬಿಂದುವಿನ ನಂತರ ಸರಿಯಾಗಿ 55 ಸ್ಥಾನ. ಐವತ್ತೈದನೆಯ ಅಂಕಿ 5. ಅಲ್ಲಿಗೆ ಮುಗಿಯಿತು, ಅದರಾಚೆ ಏನೂ ಇಲ್ಲ.

ಅದು ಮುಗಿಯುತ್ತದೆ ಎನ್ನುವುದೇ ಎಂಥ ಅಚ್ಚರಿ! "ಕಂಪ್ಯೂಟರಿನ ದಶಮಾಂಶ ಲೆಕ್ಕವೆಲ್ಲ ಅಂದಾಜು, ಬಾಲದಲ್ಲಿ ಏನೇನೋ ಕಸ ಸೇರಿಕೊಳ್ಳುತ್ತದೆ" ಎಂಬ ಮಾತು ಪ್ರೋಗ್ರಾಮಿಂಗ್ ಕಲಿತ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಆದರೆ ಆ ಬಾಲದಲ್ಲಿ ಕಸ ಎಂಬುದು ಒಂದು ಚೂರೂ ಇಲ್ಲ. 5551115123 ಎಂದು ಸಾಗುವ ಆ ಸಾಲಿನ ಪ್ರತಿ ಅಂಕಿಗೂ ಕಾರಣವಿದೆ. ಐದನೇ ತರಗತಿಯ ಭಾಗಾಕಾರ ಗೊತ್ತಿದ್ದರೆ ಸಾಕು, ಅಷ್ಟೂ ಅಂಕಿಗಳನ್ನು ನೀವೇ ಕಾಗದದ ಮೇಲೆ ಹೊರತೆಗೆಯಬಹುದು.

ಯಂತ್ರವನ್ನೇ ಕೇಳಬೇಕೆಂದರೆ ಅದೂ ಸುಲಭ. ಪೈಥಾನಿನಲ್ಲಿ ಡೆಸಿಮಲ್ ಎಂಬ ಸಲಕರಣೆಗೆ 0.1 ಅನ್ನು ಕೊಡಿ, ಮೇಲಿನ ಸಾಲು ಹಾಗೆಹಾಗೇ ತೆರೆಯ ಮೇಲೆ ಬರುತ್ತದೆ. ಜಾವಾದವರು ಬಿಗ್‌ಡೆಸಿಮಲ್‌ಗೆ ಕೊಡಬಹುದು. ಇವೆರಡೂ ಇಲ್ಲವೆಂದರೆ ಬ್ರೌಸರಿನ ಕನ್ಸೋಲ್ ತೆರೆದು ಜಾವಾಸ್ಕ್ರಿಪ್ಟಿನ ಟುಫಿಕ್ಸ್‌ಡ್‌ಗೆ ಅರವತ್ತು ಸ್ಥಾನ ಬೇಕೆಂದು ಹೇಳಿ. ಐವತ್ತೈದು ಅಂಕಿ ಬಂದು, ಉಳಿದ ಐದು ಸ್ಥಾನಗಳಲ್ಲಿ ಬರೀ ಸೊನ್ನೆ ಬೀಳುವುದನ್ನು ಕಣ್ಣಾರೆ ನೋಡಿ!

ಎರಡೇ ಎರಡರ ವ್ಯತ್ಯಾಸ

ಇಂದಿನ ಬಹುಪಾಲು ಯಂತ್ರಗಳು ದಶಮಾಂಶ ಲೆಕ್ಕಕ್ಕೆ ಪಾಲಿಸುವುದು 1985ರಲ್ಲಿ ಹೊರಬಂದ ಐಇಇಇ 754 ಎಂಬ ಮಾನಕವನ್ನು. ಅದನ್ನು ರೂಪಿಸಿದವರಲ್ಲಿ ಅಗ್ರಗಣ್ಯರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಕಹಾನ್. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ಈ ಮಾನಕದ 'ಡಬಲ್' ಎಂಬ ನಮೂನೆಯಲ್ಲಿ ಒಂದು ಸಂಖ್ಯೆಗೆ 64 ಬಿಟ್ ಜಾಗ. ಒಂದು ಬಿಟ್ ಧನವೋ ಋಣವೋ ಎಂದು ಹೇಳುತ್ತದೆ, 11 ಬಿಟ್ ಘಾತವನ್ನು ಹಿಡಿದಿಡುತ್ತದೆ, ಮಿಕ್ಕ 52 ಬಿಟ್ ಅಂಕಿಗಳಿಗೆ. ಮುಂದೆ ಬರೆಯದೆಯೇ ಇರುವ ಒಂದು 1 ಅನ್ನೂ ಸೇರಿಸಿಕೊಂಡರೆ ಒಟ್ಟು 53 ದ್ವಿಮಾನ ಅಂಕಿ.

ಇಷ್ಟರ ಅರ್ಥ ಸರಳ. ಡಬಲ್‌ನಲ್ಲಿ ಕೂರುವ ಪ್ರತಿ ಸಂಖ್ಯೆಯನ್ನೂ ಭಿನ್ನರಾಶಿಯಾಗಿ ಬರೆಯಬಹುದು. ಅಂಶದಲ್ಲಿ 53 ಬಿಟ್ಟಿಗೆ ಮೀರದ ಒಂದು ಪೂರ್ಣಾಂಕ, ಛೇದದಲ್ಲಿ 2ರ ಯಾವುದಾದರೊಂದು ಘಾತ. ಬೇರೆ ಬಗೆಯ ಛೇದಕ್ಕೆ ಅಲ್ಲಿ ಪ್ರವೇಶವೇ ಇಲ್ಲ.

ಹತ್ತನೇ ಒಂದು ಭಾಗದ ಛೇದ 10, ಅದರೊಳಗೆ ಒಂದು 5 ಇದೆ. ಎರಡನ್ನು ಎರಡರಿಂದ ಎಷ್ಟು ಸಲ ಗುಣಿಸಿದರೂ ಅದರಲ್ಲಿ 5 ಹುಟ್ಟುವುದಿಲ್ಲ. ಹಾಗಾಗಿ ದ್ವಿಮಾನದಲ್ಲಿ ಹತ್ತನೇ ಒಂದು 0.000110011001100 ಎಂದು ಕೊನೆಯೇ ಇಲ್ಲದೆ ಓಡುತ್ತದೆ. ಯಂತ್ರ ಅದಕ್ಕೆ ಅತಿ ಹತ್ತಿರದ ಭಿನ್ನರಾಶಿಯನ್ನು ಆರಿಸಿಕೊಳ್ಳುತ್ತದೆ. ಆರಿಸಿಕೊಂಡದ್ದು ಯಾವುದನ್ನು ಗೊತ್ತೇ?

ಅಂಶ: 3,60,28,79,70,18,96,397
ಛೇದ: 36,02,87,97,01,89,63,968

ಛೇದ 2ರ 55ನೇ ಘಾತ. ಈಗ ಅಂಶವನ್ನು ಹತ್ತರಿಂದ ಗುಣಿಸಿ, ಅಂದರೆ ಕೊನೆಗೊಂದು ಸೊನ್ನೆ ಹಚ್ಚಿ: 36,02,87,97,01,89,63,970. ಛೇದದ ಪಕ್ಕದಲ್ಲಿಟ್ಟು ನೋಡಿ. ಒಂದು 968ರಲ್ಲಿ ಮುಗಿದರೆ ಇನ್ನೊಂದು 970ರಲ್ಲಿ ಮುಗಿಯುತ್ತದೆ. ಹದಿನೇಳು ಅಂಕಿಗಳ ಸಂಖ್ಯೆಯಲ್ಲಿ ವ್ಯತ್ಯಾಸ ಎರಡೇ ಎರಡು! ಪ್ರಪಂಚದ ಪ್ರೋಗ್ರಾಮರುಗಳು ದೂರುತ್ತ ಬಂದಿರುವ 0.1ರ ತಪ್ಪೆಲ್ಲ ಈ ಎರಡರೊಳಗೇ ಅಡಗಿದೆ.

ಇದೇ ಎರಡು ಆ 55 ಅಂಕಿಗಳನ್ನೂ ಹೆರುತ್ತದೆ. ಭಾಗಾಕಾರ ಶುರು ಮಾಡಿ. ಅಂಶಕ್ಕೆ ಸೊನ್ನೆ ಹಚ್ಚಿ ಛೇದದಿಂದ ಭಾಗಿಸಿದರೆ ಒಂದು ಸಲ ಹೋಗುತ್ತದೆ, ಶೇಷ 2. ಮೊದಲ ಅಂಕಿ 1 ಸಿಕ್ಕಿತು. ಶೇಷಕ್ಕೆ ಸೊನ್ನೆ ಹಚ್ಚಿದರೆ 20, ಭಾಗ ಹೋಗದು, ಅಂಕಿ 0. ಮತ್ತೆ ಹಚ್ಚಿದರೆ 200, ಆಗಲೂ 0. ಆಮೇಲೆ 2000, 20000. ಎರಡರ ಮುಂದೆ ಹದಿನೇಳು ಸೊನ್ನೆ ಸೇರುವವರೆಗೂ ಆ ದೈತ್ಯ ಛೇದವನ್ನು ಮುಟ್ಟಲಾಗುವುದಿಲ್ಲ. ಅಲ್ಲಿಯವರೆಗೆ ಉತ್ತರದಲ್ಲಿ ಸಾಲಾಗಿ ಹದಿನಾರು ಸೊನ್ನೆ ಬೀಳುತ್ತವೆ. ಹದಿನೇಳನೆಯ ಸೊನ್ನೆ ಹಚ್ಚಿದಾಗ ಮೊದಲ ಬಾರಿಗೆ ಭಾಗ ಹೋಗುತ್ತದೆ, ಐದು ಸಲ. ಆ ಸೊನ್ನೆಗಳ ಸಾಲು ಮುಗಿದೊಡನೆ 555 ಎಂದು ತಲೆ ಎತ್ತುವ ಮೊದಲ 5 ಇದೇ!

ಎರಡರೊಳಗೆ ಅಡಗಿದ ಐದು

ಭಾಗಾಕಾರ ಕೊನೆಗೆ ನಿಲ್ಲುವುದಾದರೂ ಏಕೆ? ಮೂರನೇ ಒಂದನ್ನು ಭಾಗಿಸುತ್ತ ಹೋದರೆ 0.3333 ಎಂದು ಜನ್ಮಾಂತರಕ್ಕೂ ಮುಗಿಯದು. ಇದು ಮಾತ್ರ 55ನೇ ಹೆಜ್ಜೆಗೆ ಶೇಷ ಸೊನ್ನೆಯಾಗಿ ನಿಂತುಬಿಡುತ್ತದೆ. ಕಾರಣ ಚಿಕ್ಕದು, ಚೆಂದದ್ದು. ಹತ್ತು ಎಂದರೆ ಎರಡೈದಲೆ ಹತ್ತು. ಪ್ರತಿ ಸಲ ಸೊನ್ನೆ ಹಚ್ಚಿದಾಗಲೂ ಶೇಷಕ್ಕೆ ಒಂದು 2 ಸೇರಿಕೊಳ್ಳುತ್ತದೆ, ಅದು ಛೇದದ ಒಂದು 2 ಅನ್ನು ಹೊಡೆದುಹಾಕುತ್ತದೆ. ಛೇದದಲ್ಲಿದ್ದ ಎರಡುಗಳು ಐವತ್ತೈದು. ಐವತ್ತೈದು ಹೆಜ್ಜೆಗೆ ಅಷ್ಟೂ ಖಾಲಿ!

ಸಣ್ಣ ಸಂಖ್ಯೆಗಳಲ್ಲಿ ಇದು ಇನ್ನೂ ಸೊಗಸಾಗಿ ಕಾಣುತ್ತದೆ. ಒಂದನ್ನು ಅರ್ಧ ಮಾಡುತ್ತ ಹೋಗಿ: 0.5, 0.25, 0.125, 0.0625, 0.03125, 0.015625. ಬಿಂದುವನ್ನೂ ಮುಂದಿನ ಸೊನ್ನೆಗಳನ್ನೂ ಒರೆಸಿಬಿಟ್ಟರೆ ಉಳಿಯುವುದು 5, 25, 125, 625, 3125, 15625. ನಾವು ಎರಡರಿಂದ ಭಾಗಿಸುತ್ತಿದ್ದೆವು, ಕಾಗದದ ಮೇಲೆ ಬೆಳೆದು ನಿಂತದ್ದು ಐದರ ಘಾತಗಳು! ಎರಡರ ಘಾತ ಛೇದದಲ್ಲಿದ್ದಾಗಲೆಲ್ಲ ದಶಮಾನದಲ್ಲಿ ಅದು ಐದರ ಘಾತವಾಗಿ ಮೇಲೆದ್ದು ಬರುತ್ತದೆ.

ಹಾಗಾಗಿ ಯಂತ್ರದೊಳಗಿನ ಯಾವ ಸಂಖ್ಯೆಯನ್ನಾದರೂ ಹಿಡಿಯಿರಿ, ಅದರ ಪೂರ್ಣ ದಶಮಾಂಶ ರೂಪಕ್ಕೆ ಕೊನೆಯಿದೆ. ಬಿಂದುವಿನ ನಂತರ ಮೂರು ಅಥವಾ ಹೆಚ್ಚು ಸ್ಥಾನ ಸಾಗಿದರೆ ಆ ಕೊನೆಯ ಮೂರು ಅಂಕಿ 125, 375, 625, 875 ಈ ನಾಲ್ಕರಲ್ಲೊಂದೇ. ಬೆಸ ಸಂಖ್ಯೆಯನ್ನು ಐದರ ಘಾತದಿಂದ ಗುಣಿಸಿದರೆ ಅದಕ್ಕೆ ಬೇರೆ ದಾರಿಯಿಲ್ಲ. ನಮ್ಮ 0.1 ಮುಗಿದದ್ದು 625ರಲ್ಲಿ. ಯಂತ್ರದ 0.2 ಮುಗಿಯುವುದು 125ರಲ್ಲಿ, 0.3 ಮುಗಿಯುವುದು 875ರಲ್ಲಿ. ಸಾಲಿನ ಮಧ್ಯೆ ಎಷ್ಟೇ ಕಾಡು ಬೆಳೆದಂತೆ ಕಂಡರೂ ಕೊನೆಯಲ್ಲಿ ಈ ನಾಲ್ಕು ಬಾಗಿಲುಗಳಲ್ಲಿ ಒಂದರಿಂದಲೇ ಹೊರಬರಬೇಕು.

ನಟ್ಟನಡುವೆ ಬಿದ್ದ ಮೊತ್ತ

ಈಗ ಜಗತ್ಪ್ರಸಿದ್ಧ ಲೆಕ್ಕಕ್ಕೆ ಬರೋಣ. 0.1ಕ್ಕೆ 0.2 ಕೂಡಿಸಿ ಎಂದರೆ ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳು 0.30000000000000004 ಎನ್ನುತ್ತವೆ. ಇದನ್ನು ನೋಡಿ ನಕ್ಕು ಮುಂದೆ ಹೋಗುವವರೇ ಹೆಚ್ಚು. ನಿಂತು ಅಂಶ ಛೇದ ಬರೆದರೆ ಅಲ್ಲೊಂದು ನಾಟಕವೇ ನಡೆದಿರುತ್ತದೆ.

ಛೇದ 2ರ 55ನೇ ಘಾತವೇ ಇರಲಿ. 0.1ರ ಅಂಶ 3,60,28,79,70,18,96,397. 0.2ರದ್ದು ಸರಿಯಾಗಿ ಅದರ ಎರಡರಷ್ಟು, 7,20,57,59,40,37,92,794. ಕೂಡಿದರೆ 10,80,86,39,10,56,89,191. ಇದು ಬೆಸ ಸಂಖ್ಯೆ. ಆದರೆ 0.25ರಿಂದ 0.5ರವರೆಗಿನ ವಲಯದಲ್ಲಿ 53 ಬಿಟ್ಟಿನ ಮಿತಿಯಿಂದಾಗಿ ಛೇದ 2ರ 54ನೇ ಘಾತವನ್ನು ಮೀರುವಂತಿಲ್ಲ. ಆದ್ದರಿಂದ ಅಂಶವನ್ನು ಅರ್ಧ ಮಾಡಬೇಕು. ಬೆಸ ಸಂಖ್ಯೆಯ ಅರ್ಧ ಎಂದರೆ 5,40,43,19,55,28,44,595 ಮತ್ತೊಂದು ಅರೆ!

ಮೊತ್ತ ಬಿದ್ದದ್ದು ಎರಡು ಡಬಲ್ ಸಂಖ್ಯೆಗಳ ನಟ್ಟನಡುವೆ. ಕೂದಲೆಳೆಯಷ್ಟೂ ಆಚೆಗಿಲ್ಲ, ಈಚೆಗಿಲ್ಲ. ಕೆಳಗಿನದು 595ರಲ್ಲಿ ಮುಗಿಯುವ ಅಂಶ, ಮೇಲಿನದು 596ರಲ್ಲಿ ಮುಗಿಯುವ ಅಂಶ, ಎರಡೂ ಸಮದೂರ. ಇಂಥ ಇಕ್ಕಟ್ಟಿಗೆಂದೇ ಮಾನಕದಲ್ಲೊಂದು ನಿಯಮವಿದೆ: ಸರಿಯಾಗಿ ಮಧ್ಯೆ ಬಿದ್ದರೆ ಸಮಸಂಖ್ಯೆಯ ಕಡೆಗೆ ಹೋಗು. 595 ಬೆಸ, 596 ಸಮ. ಯಂತ್ರ ನಿಯಮ ತಪ್ಪದೆ 596ಕ್ಕೆ ಹೋಯಿತು. ನಾವು ನೇರವಾಗಿ 0.3 ಎಂದು ಟೈಪ್ ಮಾಡಿದ್ದರೆ ಅದಕ್ಕೆ ಹತ್ತಿರದ್ದು 595. ಎರಡೂ ಬೇರೆ ಬೇರೆ ಸಂಖ್ಯೆಗಳು, ಪೂರ್ತಿ ಬರೆದರೆ ಹೀಗೆ:

0.299999999999999988897769753748434595763683319091796875
0.3000000000000000444089209850062616169452667236328125

ಮೇಲಿನದು ಟೈಪ್ ಮಾಡಿದ 0.3, ಕೆಳಗಿನದು ಕೂಡಿಸಿ ಬಂದ ಮೊತ್ತ. ಸಮಾನವೇ ಎಂದು ಕೇಳಿದರೆ ಯಂತ್ರ ಅಲ್ಲ ಎನ್ನುತ್ತದೆ. ನಿಜ ಹೇಳಬೇಕಾದ ಕಡೆ ಅದು ನಿಜವನ್ನೇ ಹೇಳಿದೆ.

ಹದಿನಾರಾಣೆಯ ರೂಪಾಯಿ

ನಮ್ಮ ದೇಶ ಇದೇ ಪರಿವರ್ತನೆಯನ್ನು ಒಮ್ಮೆ ಜೇಬಿನಲ್ಲೇ ಮಾಡಿದೆ. 1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಎಂದರೆ ಆಣೆ ರೂಪಾಯಿಯ ಹದಿನಾರನೇ ಒಂದು, ಹಳೆ ಪೈಸೆ ಅರವತ್ನಾಲ್ಕನೇ ಒಂದು. ಅರ್ಧ, ಕಾಲು, ಅರೆಕಾಲು, ವೀಸ ಎಂದು ಇಳಿಯುವ ನಮ್ಮ ಹಿರಿಯರ ಲೆಕ್ಕದ ಛೇದಗಳೂ ಎರಡು, ನಾಲ್ಕು, ಎಂಟು, ಹದಿನಾರು, ಎಲ್ಲವೂ ಎರಡರ ಘಾತ!

ಆ ದಿನ ರೂಪಾಯಿಗೆ 100 ನಯಾಪೈಸೆಯಾಯಿತು. ಒಂದು ಆಣೆ ಎಷ್ಟು ನಯಾಪೈಸೆ? ಕರಾರುವಾಕ್ಕಾಗಿ 6.25. ಎರಡಾಣೆ 12.5, ಮೂರಾಣೆ 18.75, ನಾಲ್ಕಾಣೆ 25. ಅಂಕಿಗಳು ನಾಲ್ಕೇ ಹೆಜ್ಜೆಯಲ್ಲಿ ಮುಗಿಯುತ್ತವೆ, ಎಲ್ಲೂ ಸಂದೇಹವಿಲ್ಲ. ಆದರೆ ಕೈಯಲ್ಲಿ ಕೊಡುವ ನಾಣ್ಯದಲ್ಲಿ ಕಾಲು ಪೈಸೆಯಿಲ್ಲ. ಹಾಗಾಗಿ ಪರಿವರ್ತನೆಯ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಬಂತು. ಪರಿವರ್ತನೆಯಲ್ಲಿ ತಪ್ಪಿರಲಿಲ್ಲ, ಪೂರ್ಣ ಪೈಸೆಗೆ ಹೊಂದಿಸುವಾಗ ಸವಕಳಿ ಆಯಿತು.

ಇನ್ನು ತಿರುಗುಮುರುಗಾಗಿ ನೋಡಿ. ಒಂದು ಪೈಸೆಯಿಂದ ತೊಂಬತ್ತೊಂಬತ್ತು ಪೈಸೆಯವರೆಗೆ ಇರುವ ಮೊತ್ತಗಳನ್ನು ರೂಪಾಯಿಯಲ್ಲಿ, 0.01ರಿಂದ 0.99ರವರೆಗೆ, ಡಬಲ್‌ಗೆ ಕೊಟ್ಟರೆ ಎಷ್ಟು ಮೊತ್ತ ಒಂದಿಷ್ಟೂ ಬದಲಾಗದೆ ಒಳಗೆ ಕೂರುತ್ತವೆ? ಮೂರೇ ಮೂರು! 0.25, 0.50, 0.75. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ! ಆಣೆಯಿಂದ ನಯಾಪೈಸೆಗೆ ಹೋಗುವಾಗ ಚೂರೂ ಸವೆಯದೆ ದಾಟಿದ ಮೂರು ಮೊತ್ತಗಳೂ ಇವೇ. ಹದಿನಾರರ ಲೆಕ್ಕವೂ ನೂರರ ಲೆಕ್ಕವೂ ಒಪ್ಪಿಕೊಳ್ಳುವ ತಾಣ ಅವಷ್ಟೇ. ಸರ್ಕಾರದ ಪಟ್ಟಿಗೂ ಇಂದಿನ ಚಿಪ್ಪಿಗೂ ಗಣಿತ ಒಂದೇ ಗೆರೆ ಎಳೆದಿದೆ ಎಂದು ಕಂಡಾಗ ಮೈ ಜುಮ್ಮೆನ್ನುತ್ತದೆ.

ತೀರಾ ಚಿಕ್ಕದು, ತೀರಾ ದೊಡ್ಡದು

ಡಬಲ್ ಹಿಡಿಯಬಲ್ಲ ಅತಿ ಚಿಕ್ಕ ಧನಸಂಖ್ಯೆ ಒಂದರ ಕೆಳಗೆ 2ರ 1074ನೇ ಘಾತ. ಅದನ್ನು ಪೂರ್ತಿ ಬರೆಯಲು ಹೊರಟರೆ ಬಿಂದುವಿನ ನಂತರ 323 ಸೊನ್ನೆ, ಆಮೇಲೆ 494065 ಎಂದು ಆರಂಭವಾಗಿ 751 ಅಂಕಿ. ಒಟ್ಟು 1074 ಸ್ಥಾನ, ಎಷ್ಟು ಎರಡೋ ಅಷ್ಟೇ ಹೆಜ್ಜೆ! ಎಂಟು ಬೈಟಿನ ಜಾಗದಲ್ಲಿ ಕುಳಿತ ಸಂಖ್ಯೆಯ ಪೂರ್ತಿ ರೂಪಕ್ಕೆ ಪತ್ರಿಕೆಯೊಂದರ ಅರ್ಧ ಅಂಕಣವಾದರೂ ಬೇಕು. ಆರಂಭದ ಸೊನ್ನೆಗಳನ್ನು ಬಿಟ್ಟು ಎಣಿಸಿದರೆ ಡಬಲ್ ಸಂಖ್ಯೆಯೊಂದಕ್ಕೆ ಬರಬಹುದಾದ ಅಂಕಿಗಳ ಗರಿಷ್ಠ ಮಿತಿ 767. ಅದಕ್ಕಿಂತ ಒಂದು ಅಂಕಿಯೂ ಹೆಚ್ಚಾಗದು ಎಂದು ಖಚಿತವಾಗಿ ಹೇಳಬಹುದು.

ದೊಡ್ಡ ಸಂಖ್ಯೆಗಳ ಕಡೆಗೆ ಹೋದರೆ ಅಲ್ಲೂ ಇಂಥದೇ ಗಡಿ. ಹತ್ತು, ನೂರು, ಸಾವಿರ ಎಂದು ಹತ್ತರ ಘಾತಗಳನ್ನು ಒಂದೊಂದಾಗಿ ಕೊಡುತ್ತ ಬನ್ನಿ. ಹತ್ತರ 22ನೇ ಘಾತದವರೆಗೆ ಎಲ್ಲವೂ ಹಾಗೆಹಾಗೇ ಒಳಗೆ ಕೂರುತ್ತವೆ. 23ನೆಯದಕ್ಕೆ ಬಂದೊಡನೆ ಒಳಗಿರುವುದು 99999999999999991611392! ಇಪ್ಪತ್ತೆರಡಕ್ಕೆ ಏನು ವಿಶೇಷ? ಹತ್ತರ ಘಾತದಲ್ಲಿ ಎರಡುಗಳ ಭಾರವನ್ನು ಘಾತದ ಬಿಟ್‌ಗಳು ಹೊರುತ್ತವೆ, ಐದುಗಳ ಭಾರ ಮಾತ್ರ 53 ಬಿಟ್ಟಿನ ಮೇಲೆ. 5ರ 22ನೇ ಘಾತ 2ರ 53ನೇ ಘಾತಕ್ಕಿಂತ ಚಿಕ್ಕದು, 23ನೇ ಘಾತ ದೊಡ್ಡದು. ಗಡಿ ಬಿದ್ದದ್ದು ಅಲ್ಲೇ. ಇಲ್ಲೂ ಅದೇ ಐದು!

ಹಾಗಾದರೆ ತೆರೆಯ ಮೇಲೆ 0.1 ಏಕೆ?

ಒಳಗೆ 55 ಅಂಕಿ ಇರುವಾಗ ಯಂತ್ರ ನಮಗೆ ಬರೀ 0.1 ಎಂದು ತೋರಿಸುತ್ತದಲ್ಲ, ಅದು ಹೇಗೆ? ಇದರ ಹಿಂದೆ ದಶಕಗಳ ಸಾಧನೆಯಿದೆ. 1941ರಲ್ಲಿ ಬರ್ಲಿನ್‌ನಲ್ಲಿ ಕೊನ್ರಾಡ್ ತ್ಸೂಸೆ ಕಟ್ಟಿದ ಜ಼ೆಡ್3 ಯಂತ್ರ ಒಳಗೆ 22 ಬಿಟ್ಟಿನ ದ್ವಿಮಾನ ಸಂಖ್ಯೆಗಳಲ್ಲಿ ಲೆಕ್ಕ ಮಾಡಿ, ಹೊರಗೆ ದೀಪಗಳಲ್ಲಿ ದಶಮಾನದ ಉತ್ತರ ತೋರಿಸುತ್ತಿತ್ತು. ಪರಿವರ್ತನೆಯ ಪ್ರಶ್ನೆ ಕಂಪ್ಯೂಟರಿನಷ್ಟೇ ಹಳೆಯದು. ಅದಕ್ಕೆ ಪೂರ್ಣ ಉತ್ತರ ಅಚ್ಚಾದದ್ದು ಮಾತ್ರ 1990ರಲ್ಲಿ.

ಆ ವರ್ಷ ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಗೈ ಸ್ಟೀಲ್ ಮತ್ತು ಜಾನ್ ವೈಟ್ ಡಬಲ್ ಸಂಖ್ಯೆಗಳನ್ನು ಅಚ್ಚುಕಟ್ಟಾಗಿ ಮುದ್ರಿಸುವ ವಿಧಾನವನ್ನು ಮಂಡಿಸಿದರು. ಅದೇ ಸಮ್ಮೇಳನದಲ್ಲಿ ವಿಲಿಯಂ ಕ್ಲಿಂಜರ್ ಅವುಗಳನ್ನು ತಪ್ಪಿಲ್ಲದೆ ಓದಿಕೊಳ್ಳುವ ವಿಧಾನವನ್ನು ಮಂಡಿಸಿದರು. ಮುದ್ರಿಸುವ ತತ್ತ್ವ ಹೀಗಿದೆ: ಮತ್ತೆ ಓದಿಕೊಂಡಾಗ ಅದೇ ಡಬಲ್‌ಗೆ ಮರಳುವ ದಶಮಾಂಶಗಳಲ್ಲಿ ಅತಿ ಚಿಕ್ಕದನ್ನು ಆರಿಸು. 55 ಅಂಕಿಯ ಆ ದೈತ್ಯನನ್ನು ಅಕ್ಕಪಕ್ಕದ ಸಂಖ್ಯೆಗಳಿಂದ ಬೇರೆಯಾಗಿ ಗುರುತಿಸಲು '0.1' ಎಂದರೆ ಸಾಕು. ಯಾವ ಡಬಲ್‌ಗೂ 17 ಅಂಕಿಗಳಿಗಿಂತ ಹೆಚ್ಚು ಬೇಕಾಗುವುದೇ ಇಲ್ಲ.

ಕೂಡಿ ಬಂದ 0.30000000000000004ಕ್ಕೆ ಅಷ್ಟು ಉದ್ದ ಏಕೆಂಬುದೂ ಈಗ ತಿಳಿಯಿತು. '0.3' ಎಂಬ ಗುರುತು ಪಕ್ಕದ 595ಕ್ಕೆ ಸೇರಿದ್ದು, 596ಕ್ಕೆ ಬೇರೆ ಗುರುತು ಕೊಡಲೇಬೇಕು. ಆ ಕೊನೆಯ 4 ಎರಡು ನೆರೆಹೊರೆಯ ಸಂಖ್ಯೆಗಳನ್ನು ಬೇರ್ಪಡಿಸಲೆಂದೇ ಬಂದದ್ದು!

ಇದೆಲ್ಲ ಸಲೀಸಾಗಿ ಕೈಗೂಡಲಿಲ್ಲ. ಹಳೆಯ ಪೈಥಾನ್ ಆವೃತ್ತಿಗಳು 0.1ಕ್ಕೆ 0.10000000000000001 ಎನ್ನುತ್ತಿದ್ದವು, 2009ರ ಪೈಥಾನ್ 3.1 ಅದನ್ನು ಸರಿಪಡಿಸಿತು. 2011ರ ಆರಂಭದಲ್ಲಿ 2.2250738585072011ರ ಮುಂದೆ ಹತ್ತರ ಋಣ 308ನೇ ಘಾತ ಹಚ್ಚಿದ ಒಂದೇ ಸಂಖ್ಯೆ ಕೊಟ್ಟರೆ ಕೆಲವು ಯಂತ್ರಗಳಲ್ಲಿ ಪಿಎಚ್‌ಪಿ ಮುಗಿಯದ ಸುತ್ತಿಗೆ ಸಿಕ್ಕಿ ನಿಂತುಬಿಡುತ್ತಿತ್ತು. ಅದರ ಪಕ್ಕದ ಸಂಖ್ಯೆಗೆ ಜಾವಾ ಕೂಡ! ಒಂದು ದಶಮಾಂಶವನ್ನು ಸರಿಯಾಗಿ ಓದಿಕೊಳ್ಳುವುದು ಅಷ್ಟು ಸೂಕ್ಷ್ಮದ ಕೆಲಸ. 2010ರಲ್ಲಿ ಫ್ಲೋರಿಯನ್ ಲಾಯಿಟ್ಷ್ ಅವರ ಗ್ರಿಸು, 2018ರಲ್ಲಿ ಉಲ್ಫ್ ಆಡಮ್ಸ್ ಅವರ ರ‍್ಯೂ ವಿಧಾನಗಳು ಬಂದು ಮುದ್ರಣದ ಕೆಲಸ ಮಿಂಚಿನ ವೇಗ ಪಡೆಯಿತು.

ಪ್ರೋಗ್ರಾಮ್ ಬರೆಯುವವರಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ಹಣದ ಲೆಕ್ಕವನ್ನು ರೂಪಾಯಿಯ ಡಬಲ್‌ಗಳಲ್ಲಿ ಇಡದೆ ಪೈಸೆಗಳ ಪೂರ್ಣಾಂಕದಲ್ಲಿ ಇಡಿ. ಡಬಲ್‌ನೊಳಗೂ 9,00,71,99,25,47,40,992ರವರೆಗಿನ ಪ್ರತಿ ಪೂರ್ಣಾಂಕವೂ ಚಾಚೂ ತಪ್ಪದೆ ಕೂರುತ್ತದೆ. ದಶಮಾಂಶವೇ ಬೇಕೆಂದರೆ ಡೆಸಿಮಲ್‌ಗೆ 0.1 ಅನ್ನು ಉದ್ಧರಣ ಚಿಹ್ನೆಯೊಳಗೆ, ಪಠ್ಯವಾಗಿ ಕೊಡಿ. ಆಗ ಅದು ದ್ವಿಮಾನದ ಬಾಗಿಲನ್ನು ದಾಟುವುದೇ ಇಲ್ಲ. ಲೆಕ್ಕದಲ್ಲಿ ಅನುಮಾನ ಬಂದಾಗ ಮಾತ್ರ ಚಿಹ್ನೆ ತೆಗೆದು ಕೊಟ್ಟು, ಒಳಗಿರುವ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೂ ಹೊರಗೆ ಕರೆಯಿರಿ. ದೋಷ ಎಷ್ಟು, ಎಲ್ಲಿ ಹುಟ್ಟಿತು, ಯಾವ ಕಡೆಗೆ ವಾಲಿತು ಎಲ್ಲವನ್ನೂ ಅದು ಹೇಳುತ್ತದೆ. ಅಂದಾಜು ನಡೆಯುವುದು ನಮ್ಮ ಹತ್ತರ ಲೋಕದಿಂದ ಅದರ ಎರಡರ ಲೋಕಕ್ಕೆ ದಾಟುವಾಗ, ಮತ್ತೆ ಅಲ್ಲಿ ಜಾಗ ಸಾಲದೆ ಹತ್ತಿರದ್ದಕ್ಕೆ ಹೊಂದಿಸುವಾಗ, ಅಷ್ಟೇ. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಅಂಕಿಯೂ ಕಳೆದುಹೋಗಬೇಕಿಲ್ಲ. ಎರಡು ಹತ್ತರ ಮನೆಯದೇ ಮಗು, ಅದಕ್ಕೆ ಈ ಮನೆಯ ಬಾಗಿಲು ಎಂದೂ ಮುಚ್ಚಿಲ್ಲ!